ಉತ್ತರಕ್ಕೆ ಲೆಕ್ಕ ಒಪ್ಪಿಸುವ ಅಭ್ಯಾಸ: ಎಂಜಿನಿಯರಿಂಗ್ ತರಗತಿಯಲ್ಲಿ ವಿಮರ್ಶಾತ್ಮಕ ಚಿಂತನೆಯನ್ನು ಬೆಳೆಸಲು ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳತೊಡಗಿದ ಆರಂಭದ ವರ್ಷಗಳಲ್ಲಿ, ಅಲ್ಲಿನ ಪ್ರಯೋಗಾಲಯದಲ್ಲಿ ಒಂದು ವೆಂಚುರಿಮೀಟರ್ ಇತ್ತು. ಕೊಳವೆಯಲ್ಲಿ ಹರಿಯುವ ನೀರಿನ ಪ್ರಮಾಣವನ್ನು ಒತ್ತಡದ ವ್ಯತ್ಯಾಸದಿಂದ ಲೆಕ್ಕ ಹಾಕಿ, ಅದೇ ನೀರನ್ನು ತೊಟ್ಟಿಯಲ್ಲಿ ಹಿಡಿದು ಅಳೆದು, ಅಳೆದದ್ದನ್ನು ಲೆಕ್ಕದಲ್ಲಿ ಬಂದದ್ದರಿಂದ ಭಾಗಿಸಿ, ಆ ಅನುಪಾತವನ್ನು ವಿಸರ್ಜನಾ ಗುಣಾಂಕವೆಂದು ಬರೆಯುವುದು ಅಲ್ಲಿನ ಪ್ರಯೋಗ. ಪುಸ್ತಕದ ಪ್ರಕಾರ ಅದು 0.95ರಿಂದ 0.98ರ ಆಸುಪಾಸಿನಲ್ಲಿರಬೇಕು, ಘರ್ಷಣೆಯಲ್ಲಿ ಒಂದಿಷ್ಟು ಶಕ್ತಿ ಕಳೆದುಹೋಗುವುದರಿಂದ ಒಂದನ್ನು ದಾಟಬಾರದು. ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಪ್ರತಿ ವರ್ಷವೂ 1.10 ಬರುತ್ತಿತ್ತು. ರೀಡಿಂಗ್ ಸರಿಯಾಗಿ ತೆಗೆದಿಲ್ಲವೆಂದು ನಾನು ಅವರನ್ನು ಹಿಂದಕ್ಕೆ ಕಳುಹಿಸುತ್ತಿದ್ದೆ. ಅವರು ಸೀನಿಯರ್‌ಗಳ ರೆಕಾರ್ಡ್ ನೋಡಿ, 0.97 ಬರುವ ಹಾಗೆ ತೊಟ್ಟಿ ತುಂಬಿದ ಸಮಯವನ್ನು ಹೊಂದಿಸಿಕೊಂಡು ತರುತ್ತಿದ್ದರು. ನಾನು ಸಹಿ ಹಾಕುತ್ತಿದ್ದೆ.

ಒಂದು ವರ್ಷ ಜಗಳೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಹಿಂದಕ್ಕೆ ಕಳುಹಿಸಿದಾಗ ಹೋಗಲಿಲ್ಲ. "ಸರ್, ತಪ್ಪು ನಮ್ಮ ಕೈಯಾಗ ಇದ್ದಿದ್ರೆ ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಡಿಮೆ ಬರಬೇಕಿತ್ತು. ಎಲ್ಲಾ ಬ್ಯಾಚಿಗೂ ಜಾಸ್ತೀನೇ ಬರ್ತೈತಿ ಅಂದ್ರೆ ತಪ್ಪು ಬೇರೆ ಕಡೆ ಐತಿ ಅನ್ಸುತ್ತೆ ಸರ್" ಎಂದಳು. ಟೇಪು ತಂದು ತೊಟ್ಟಿಯ ಒಳ ಅಳತೆ ತೆಗೆದೆವು. ಕೈಪಿಡಿಯಲ್ಲಿ 50 ಸೆಂಟಿಮೀಟರ್ ಚೌಕವೆಂದಿತ್ತು. ತೊಟ್ಟಿ ಇದ್ದದ್ದು 47 ಸೆಂಟಿಮೀಟರ್. ಹಳೆಯ ತೊಟ್ಟಿ ತುಕ್ಕು ಹಿಡಿದಾಗ ಹೊಸದನ್ನು ಕೂರಿಸಿದವರು ಕೈಪಿಡಿಯನ್ನು ತಿದ್ದಿರಲಿಲ್ಲ. 2500 ಚದರ ಸೆಂಟಿಮೀಟರಿನ ಜಾಗದಲ್ಲಿ 2209 ಎಂದು ಹಾಕಿದೊಡನೆ 1.10 ಇದ್ದದ್ದು 0.97ಕ್ಕೆ ಬಂತು. ಅಷ್ಟು ಬ್ಯಾಚುಗಳ ಮಕ್ಕಳು ನಿಜವಾದ ಅಳತೆಯನ್ನೇ ತಂದಿದ್ದರು, ನಾನು ಅವರ ಕೈಯಲ್ಲಿ ಸುಳ್ಳು ಬರೆಸಿದ್ದೆ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಮುಂದೆ ಬರೆದಿರುವುದೆಲ್ಲ ಆ ದಿನದಿಂದ ನಾನು ತರಗತಿಯಲ್ಲಿ ಬದಲಿಸಿಕೊಂಡ ಸಂಗತಿಗಳು. ದಾವಣಗೆರೆ ಮತ್ತು ಚಿತ್ರದುರ್ಗದ ಕಾಲೇಜುಗಳಲ್ಲಿ ಪಾಠ ಹೇಳುವ ಕಿರಿಯ ಸಹೋದ್ಯೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ವಿದ್ಯಾರ್ಥಿಗಳು ಓದಿದರೂ ಉಪಯೋಗಕ್ಕೆ ಬಂದೀತು.

ಮೊದಲು, ನಾವು ಬೆಳೆಸಬೇಕಾದದ್ದು ಏನನ್ನು?

ವಿಮರ್ಶೆ ಎಂದೊಡನೆ ತಪ್ಪು ಹುಡುಕುವುದು ಎಂಬ ಅರ್ಥ ನಮ್ಮಲ್ಲಿ ಬೇರೂರಿದೆ. ಎಂಜಿನಿಯರಿಂಗ್‌ನಲ್ಲಿ ವಿಮರ್ಶಾತ್ಮಕ ಚಿಂತನೆಯೆಂದರೆ, ತಾನು ಕೊಟ್ಟ ಉತ್ತರಕ್ಕೆ ತಾನೇ ಲೆಕ್ಕ ಒಪ್ಪಿಸುವುದು: ಈ ಸಂಖ್ಯೆ ಎಲ್ಲಿಂದ ಬಂತು, ಯಾವುದನ್ನು ಸರಿಯೆಂದು ಊಹಿಸಿಕೊಂಡೆ, ಯಾವ ಸ್ಥಿತಿಯಲ್ಲಿ ಇದು ತಪ್ಪಾಗುತ್ತದೆ, ತಪ್ಪಾಗಿದ್ದರೆ ನನಗೆ ಹೇಗೆ ತಿಳಿಯುತ್ತದೆ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ.

ಕಾಗದದ ಮೇಲೆ ಇದಕ್ಕೆ ಸ್ಥಾನ ಈಗಾಗಲೇ ಇದೆ. ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾದ ಮೇಲೆ, ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಬಿಎ ಮಾನ್ಯತೆಗೆ ಬರುವ ತಂಡಗಳು ಸಮಸ್ಯಾ ವಿಶ್ಲೇಷಣೆ, ಸಂಕೀರ್ಣ ಸಮಸ್ಯೆಗಳ ತನಿಖೆ ಮುಂತಾದ ಫಲಿತಗಳನ್ನು ಕೇಳುತ್ತವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಯ ಪಕ್ಕ ಅಂಕದ ಜೊತೆಗೆ ಬ್ಲೂಮ್ ಮಟ್ಟವನ್ನೂ, ಅಂದರೆ ಆ ಪ್ರಶ್ನೆ ಯಾವ ದರ್ಜೆಯ ಯೋಚನೆಯನ್ನು ಕೇಳುತ್ತದೆ ಎಂಬುದನ್ನೂ, ಮುದ್ರಿಸಿರುತ್ತಾರೆ. ಆದರೆ ಪಕ್ಕದಲ್ಲಿ ನಾಲ್ಕನೇ ಮಟ್ಟ, ಅಂದರೆ ವಿಶ್ಲೇಷಣೆ, ಎಂದು ಬರೆದಿದ್ದರೂ ಅದೇ ಪ್ರಶ್ನೆಯನ್ನು ಪ್ರಶ್ನೆಕೋಶದಿಂದ ತೆಗೆದು ತರಗತಿಯಲ್ಲಿ ಮೂರು ಸಲ ಬಿಡಿಸಿಕೊಟ್ಟಿದ್ದರೆ ಅದು ನೆನಪಿನ ಪರೀಕ್ಷೆಯೇ ಹೊರತು ವಿಶ್ಲೇಷಣೆಯಲ್ಲ. ಆದ್ದರಿಂದ ಹೊಸ ವಿಷಯವೊಂದನ್ನು ಪಠ್ಯಕ್ರಮಕ್ಕೆ ಸೇರಿಸಬೇಕೆಂದು ಕಾಯುವುದು ಬೇಡ. ಈಗಿರುವ ಪಾಠದಲ್ಲೇ, ಈಗಿರುವ ಪ್ರಯೋಗದಲ್ಲೇ ಇದನ್ನು ಕಲಿಸಲು ಬರುತ್ತದೆ. ವಾರಕ್ಕೊಂದು ತಾಸಿನ "ಚಿಂತನಾ ಕೌಶಲ" ತರಗತಿಯಿಂದ ಯಾರೂ ಹೆಚ್ಚು ಕಲಿತದ್ದನ್ನು ನಾನು ನೋಡಿಲ್ಲ.

ಹೆಜ್ಜೆ 1: ಪ್ರಯೋಗಾಲಯದಲ್ಲಿ ರೀಡಿಂಗ್ ಹೊಂದಿಸುವುದನ್ನು ನಿಲ್ಲಿಸಿ

ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೋಗಬೇಡಿ. ಒಂದು ಸೆಮಿಸ್ಟರಿಗೆ ಒಂದು ಪ್ರಯೋಗಾಲಯವನ್ನು ಹಿಡಿದುಕೊಳ್ಳಿ. ಅಬ್ಸರ್ವೇಶನ್ ಪುಸ್ತಕದಲ್ಲಿ ಅಳತೆಗಳನ್ನು ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕು. ಪ್ರಯೋಗ ಮುಗಿದ ಕೂಡಲೇ, ಲೆಕ್ಕ ಮಾಡುವ ಮೊದಲೇ, ನೀವು ಅದಕ್ಕೆ ಸಹಿ ಹಾಕಬೇಕು. ಆ ಬಳಿಕ ಸಂಖ್ಯೆ ಬದಲಿಸಲು ದಾರಿಯಿರುವುದಿಲ್ಲ.

ಇಷ್ಟಕ್ಕೇ ನಿಂತರೆ ವಿದ್ಯಾರ್ಥಿಗಳು ಹೆದರುತ್ತಾರೆ, ಏಕೆಂದರೆ ಪುಸ್ತಕದ ಉತ್ತರ ಬಾರದಿದ್ದರೆ ಅಂಕ ಹೋಗುತ್ತದೆಂದು ಅವರಿಗೆ ಅನುಭವ ಕಲಿಸಿದೆ. ಹಾಗಾಗಿ ಅಂಕದ ಹಂಚಿಕೆಯನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಿರಿ. ನಾನು ಒಂದು ಪ್ರಯೋಗದ ಹತ್ತು ಅಂಕಗಳಲ್ಲಿ ನಾಲ್ಕನ್ನು ಅಳತೆಯ ಕ್ರಮಕ್ಕೆ, ಎರಡನ್ನು ಲೆಕ್ಕಕ್ಕೆ, ಉಳಿದ ನಾಲ್ಕನ್ನು "ನಿರೀಕ್ಷೆಗೂ ಫಲಿತಾಂಶಕ್ಕೂ ಇರುವ ಅಂತರದ ವಿವರಣೆ"ಗೆ ಇಡುತ್ತೇನೆ. ಪುಸ್ತಕದ ಉತ್ತರವನ್ನೇ ಮುಟ್ಟಿದ್ದಕ್ಕೆಂದು ಬೇರೆ ಅಂಕವಿಲ್ಲ.

ವಿವರಣೆ ಬರೆಯಲು ಹೇಳಿದರೆ ಮೊದಮೊದಲು ಎಲ್ಲರೂ "ಮಾನವ ದೋಷ", "ಉಪಕರಣ ದೋಷ" ಎಂದು ಎರಡು ಪದ ಬರೆದು ಮುಗಿಸುತ್ತಾರೆ. ಅದನ್ನು ಒಪ್ಪಬಾರದು. ಮೂರು ಪ್ರಶ್ನೆಗಳಿಗೆ ಉತ್ತರ ಬೇಕೇ ಬೇಕು: ಅಂತರ ಎಷ್ಟು? ಅದು ಯಾವ ದಿಕ್ಕಿಗೆ? ನಿನ್ನ ಅನುಮಾನ ನಿಜವಾಗಿದ್ದರೆ ಬೇರೆ ಏನು ಕಾಣಿಸಬೇಕು?

ಇದನ್ನು ಉಕ್ಕಿನ ಸರಳಿನ ಎಳೆತ ಪರೀಕ್ಷೆಯಲ್ಲಿ ನೋಡೋಣ. ಉಕ್ಕಿನ ಯಂಗ್ ಮಾಡ್ಯುಲಸ್, ಅಂದರೆ ಹಿಗ್ಗಲು ಅದು ಒಡ್ಡುವ ಬಿಗಿತದ ಅಳತೆ, ಸುಮಾರು 200 ಗಿಗಾಪ್ಯಾಸ್ಕಲ್ ಎಂಬುದು ಎರಡನೇ ವರ್ಷದ ಎಲ್ಲರಿಗೂ ಗೊತ್ತು. ಸರಳನ್ನು ಹಿಡಿದು ಎಳೆಯುವ ಯುಟಿಎಂ ಯಂತ್ರದ ತಲೆ ಎಷ್ಟು ಸರಿಯಿತು ಎಂಬುದನ್ನೇ ಸರಳಿನ ಹಿಗ್ಗುವಿಕೆಯೆಂದು ತೆಗೆದುಕೊಂಡು ಲೆಕ್ಕ ಮಾಡಿದರೆ ಉತ್ತರ ಇದರ ಒಂದು ಸಣ್ಣ ಪಾಲಷ್ಟೇ ಬರುತ್ತದೆ. "ಮಾನವ ದೋಷ" ಇಷ್ಟು ದೊಡ್ಡ ಅಂತರವನ್ನು ವಿವರಿಸಲಾರದು. ದಿಕ್ಕನ್ನು ಗಮನಿಸಿದರೆ, ಹಿಗ್ಗುವಿಕೆ ಇರಬೇಕಾದುದಕ್ಕಿಂತ ಹೆಚ್ಚು ದಾಖಲಾಗಿದೆ. ಸರಳಿನ ಜೊತೆಗೆ ಬೇರೆ ಏನೋ ಹಿಗ್ಗುತ್ತಿದೆ ಅಥವಾ ಜಾರುತ್ತಿದೆ: ಹಿಡಿತದ ದವಡೆಗಳು ಸರಳನ್ನು ಕಚ್ಚಿ ಕೂರುವಾಗಿನ ಜಾರುವಿಕೆ, ಯಂತ್ರದ ಚೌಕಟ್ಟೇ ಬಾಗುವುದು, ದವಡೆಗೂ ಅಳತೆ ಗುರುತಿಗೂ ನಡುವಿನ ಸರಳಿನ ಭಾಗ. ಜಾರುವಿಕೆ ಕಾರಣವಾಗಿದ್ದರೆ ಗ್ರಾಫಿನ ಆರಂಭದಲ್ಲಿ ಅಂಕುಡೊಂಕು ಕಾಣಬೇಕು. ಚೌಕಟ್ಟು ಕಾರಣವಾಗಿದ್ದರೆ ಗೆರೆ ನೇರವಾಗಿಯೇ ಇದ್ದು ಇಳಿಜಾರು ಮಾತ್ರ ಕಡಿಮೆಯಾಗಬೇಕು. ಇಲ್ಲಿಗೆ ಬಂದ ವಿದ್ಯಾರ್ಥಿ ತಾನಾಗಿಯೇ ಸರಳಿನ ಹಿಗ್ಗುವಿಕೆಯನ್ನಷ್ಟೇ ಅಳೆಯುವ ಎಕ್ಸ್‌ಟೆನ್ಸೋಮೀಟರನ್ನು ಕೇಳುತ್ತಾನೆ. ಅದನ್ನು ಸರಳಿಗೇ ಕಟ್ಟಿ ಮತ್ತೆ ಅಳೆದು 200ರ ಹತ್ತಿರ ಬಂದಾಗ, ಆ ಉಪಕರಣ ಏಕೆ ಇದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 2: ಕ್ಯಾಲ್ಕ್ಯುಲೇಟರ್ ಮುಟ್ಟುವ ಮೊದಲು ಅಂದಾಜು ಮಾಡಿಸಿ

ಪ್ರತಿ ಲೆಕ್ಕಕ್ಕೂ ಮೊದಲು ಒಂದು ಸಾಲಿನಲ್ಲಿ "ಉತ್ತರ ಸುಮಾರು ಇಷ್ಟಿರಬಹುದು, ಏಕೆಂದರೆ..." ಎಂದು ಬರೆಸಬೇಕು. ತೊಲೆಯ ಬಾಗುವಿಕೆ ನಾಲ್ಕು ಮೀಟರ್ ಬಂದರೂ ಉತ್ತರದ ಕೆಳಗೆ ಎರಡು ಗೆರೆ ಎಳೆದು ಮುಂದಕ್ಕೆ ಹೋಗುವ ಅಭ್ಯಾಸ ಇದರಿಂದ ಬೇಗ ಬಿಡುತ್ತದೆ.

ಅಂದಾಜು ಕಲಿಸಲು ಕುಂದವಾಡ ಕೆರೆಗಿಂತ ಒಳ್ಳೆಯ ಪಾಠಶಾಲೆ ನಮ್ಮೂರಿನಲ್ಲಿ ನನಗೆ ಸಿಕ್ಕಿಲ್ಲ. ದಾವಣಗೆರೆಗೆ ಕುಡಿಯುವ ನೀರು ಒದಗಿಸುವ ಕೆರೆಗಳಲ್ಲಿ ಅದೂ ಒಂದು. ಪ್ರಶ್ನೆ ಸರಳ: ಬೇರೆಲ್ಲಿಂದಲೂ ನೀರು ಬಾರದಿದ್ದರೆ ತುಂಬಿದ ಈ ಕೆರೆಯೊಂದೇ ಊರಿಗೆ ಎಷ್ಟು ದಿನ ಸಾಕು? ಅಂತರ್ಜಾಲ ನೋಡುವಂತಿಲ್ಲ, ಅಧಿಕಾರಿಗಳನ್ನು ಕೇಳುವಂತಿಲ್ಲ. ಕೆರೆಯ ಸುತ್ತಲಿನ ದಾರಿಯಲ್ಲಿ ನಡೆದು ಹೆಜ್ಜೆ ಎಣಿಸಬಹುದು. ಒಮ್ಮೆ ಒಂದು ಗುಂಪು ವಿಸ್ತೀರ್ಣವನ್ನು 80 ಹೆಕ್ಟೇರ್ ಎಂದೂ ಸರಾಸರಿ ಆಳವನ್ನು ಮೂರು ಮೀಟರ್ ಎಂದೂ ಇಟ್ಟುಕೊಂಡಿತು. ಅಲ್ಲಿಗೆ 24 ಲಕ್ಷ ಘನ ಮೀಟರ್ ನೀರು. 2011ರ ಜನಗಣತಿಯ ಸುಮಾರು 4.35 ಲಕ್ಷ ಜನಸಂಖ್ಯೆಗೆ, ನಗರಗಳಿಗೆ ನಮ್ಮ ದೇಶದಲ್ಲಿ ಬಳಸುವ ತಲಾ 135 ಲೀಟರ್ ಲೆಕ್ಕದಲ್ಲಿ, ದಿನಕ್ಕೆ ಸುಮಾರು 58,700 ಘನ ಮೀಟರ್ ಬೇಕು. ಉತ್ತರ 41 ದಿನ.

ನಿಜವಾದ ಪಾಠ ಇದಾದ ಮೇಲೆ ಶುರುವಾಗುತ್ತದೆ. ಬಿಟ್ಟದ್ದೇನು ಎಂದು ಕೇಳಿದಾಗ ಮೊದಲು ಬಂದದ್ದು ಬಿಸಿಲು. ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೆ 80 ಹೆಕ್ಟೇರಿನಿಂದ 4,000 ಘನ ಮೀಟರ್, ಅಂದರೆ ಬಳಕೆಯ ಸುಮಾರು 7%. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ, ತಳದ ನೀರನ್ನು ಪಂಪು ಎತ್ತಲಾರದು, ಕಡೆಯ ಒಂದು ಮೀಟರ್ ಬಿಡಬೇಕಾಗುತ್ತದೆ ಎಂದ. ಅದೊಂದರಿಂದಲೇ ಉತ್ತರದ ಮೂರನೇ ಒಂದು ಭಾಗ ಹೋಯಿತು. ಯಾವ ಊಹೆ ಉತ್ತರವನ್ನು ಅಲುಗಾಡಿಸುತ್ತದೆ, ಯಾವುದು ಅಲುಗಾಡಿಸುವುದಿಲ್ಲ ಎಂದು ವಿಂಗಡಿಸುವ ಈ ಕೆಲಸವನ್ನೇ ಅಂದಾಜಿನಿಂದ ಕಲಿಸಬೇಕಾದದ್ದು. 41 ಎಂಬ ಸಂಖ್ಯೆಗೆ ಅಷ್ಟೇನೂ ಬೆಲೆಯಿಲ್ಲ.

ಏಕಮಾನದ ವಿಷಯವನ್ನೂ ಇಲ್ಲೇ ಬಿಗಿಗೊಳಿಸಬೇಕು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ಕಳೆದುಹೋದದ್ದು, ಒಂದು ತಂಡದ ತಂತ್ರಾಂಶ ಪೌಂಡ್-ಬಲದ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ತಂಡ ನ್ಯೂಟನ್ ಎಂದು ಓದಿಕೊಂಡ ಕಾರಣಕ್ಕೆ. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಏಕಮಾನವಿಲ್ಲದ ಮಧ್ಯದ ಹಂತಕ್ಕೆ ಅಂಕ ಕಡಿಯುವಾಗ ಈ ಕಥೆ ಹೇಳಿದರೆ ವಿದ್ಯಾರ್ಥಿಗಳು ಬೇಸರ ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 3: ಪರಿಹಾರಕ್ಕೆ ಮೊದಲು ಸಮಸ್ಯೆಯನ್ನು ಬರೆಸಿ

ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ನೀರು ತಲುಪುವುದಿಲ್ಲವೆಂಬ ದೂರು ನಮ್ಮ ಜಿಲ್ಲೆಯ ಪ್ರತಿ ವಿದ್ಯಾರ್ಥಿಗೂ ಮನೆಮಾತು. ಹರಿಹರದ ಕಡೆಯ ಮಕ್ಕಳು ಈ ವಿಷಯದ ಪ್ರತಿಭಟನೆಗಳನ್ನು ಚಿಕ್ಕಂದಿನಿಂದ ಕಂಡವರು. ಇದನ್ನು ಪ್ರಾಜೆಕ್ಟ್‌ಗೆ ಕೊಟ್ಟರೆ ಮೊದಲ ವಾರವೇ "ನಾಲೆಗೆ ಕಾಂಕ್ರೀಟ್ ಲೈನಿಂಗ್ ಮಾಡಬೇಕು" ಅಥವಾ "ಸೆನ್ಸರ್ ಮತ್ತು ಮೊಬೈಲ್ ಆ್ಯಪ್ ಅಳವಡಿಸಬೇಕು" ಎಂಬ ಶೀರ್ಷಿಕೆಯೊಂದಿಗೆ ಬರುತ್ತಾರೆ. ಪರಿಹಾರ ಮೊದಲು ಬಂದರೆ ಸಮಸ್ಯೆಯನ್ನು ಅದರ ಅಳತೆಗೆ ಕತ್ತರಿಸಿಕೊಳ್ಳುವುದು ಸಹಜವಾಗುತ್ತದೆ. ಆದ್ದರಿಂದ ಮೊದಲ ಮೂರು ವಾರ ಪರಿಹಾರದ ಮಾತೇ ಆಡಬಾರದೆಂಬ ನಿಯಮವಿಡಿ.

ಆ ಮೂರು ವಾರಗಳಲ್ಲಿ ಮಾಡಬೇಕಾದದ್ದು, ಸಾಧ್ಯವಿರುವ ಕಾರಣಗಳನ್ನೆಲ್ಲ ಬರೆದು, ಪ್ರತಿ ಕಾರಣದ ಎದುರಿಗೆ ಅದರ ಗುರುತನ್ನು ಬರೆಯುವುದು. ನೀರು ಮಣ್ಣಿನೊಳಗೆ ಇಂಗಿ ಹೋಗುತ್ತಿದ್ದರೆ ನಷ್ಟ ನಾಲೆಯ ಉದ್ದಕ್ಕೂ ಹರಡಿರಬೇಕು, ಹಗಲು ರಾತ್ರಿ ಒಂದೇ ಸಮನಿರಬೇಕು. ಅನಧಿಕೃತ ಪಂಪ್‌ಸೆಟ್‌ಗಳು ಎಳೆಯುತ್ತಿದ್ದರೆ ಕೆಲವು ಕಡೆ ಮಾತ್ರ ಹರಿವು ಥಟ್ಟನೆ ಕುಸಿಯಬೇಕು, ಅದೂ ತ್ರೀ-ಫೇಸ್ ಕರೆಂಟು ಇರುವ ಹೊತ್ತಿನಲ್ಲಿ. ಹೂಳು ತುಂಬಿದ್ದರೆ ನೀರಿನ ಮಟ್ಟ ಎತ್ತರದಲ್ಲೇ ಕಂಡರೂ ಹರಿಯುವ ಪ್ರಮಾಣ ಕಡಿಮೆಯಿರಬೇಕು. ಮೇಲ್ಭಾಗದಲ್ಲಿ ಎಲ್ಲರೂ ಭತ್ತವನ್ನೇ ಹಾಕಿದ್ದಾರೆಂಬುದು ಕಾರಣವಾದರೆ ನಾಲೆಗೆ ಏನೂ ಆಗಿಲ್ಲದಿರಬಹುದು. ಸಮಸ್ಯೆ ಕಾಂಕ್ರೀಟಿನದ್ದಲ್ಲ, ಹಂಚಿಕೆಯದ್ದು. ಒಂದು ಗುರುತು ಎರಡು ಕಾರಣಗಳಿಗೂ ಹೊಂದುವಂತಿದ್ದರೆ ಅದು ಉಪಯೋಗವಿಲ್ಲದ ಗುರುತು, ಬೇರೆಯದನ್ನು ಹುಡುಕಬೇಕು.

ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ನೇರವಾಗಿರುವ ಕಡೆ ದಂಡೆಯ ಮೇಲೆ 20 ಮೀಟರ್ ಗುರುತು ಮಾಡಿ, ತೇಲುವ ವಸ್ತುವೊಂದನ್ನು ಬಿಟ್ಟು ಸಮಯ ಎಣಿಸಬೇಕು. ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗ ಸುಮಾರಾಗಿ ಸಿಗುತ್ತದೆ. ಮೂರು ಮೀಟರ್ ಅಗಲ, 0.6 ಮೀಟರ್ ಆಳದ ಕಾಲುವೆಯಲ್ಲಿ 40 ಸೆಕೆಂಡ್ ಹಿಡಿದರೆ ಹರಿವು ಸೆಕೆಂಡಿಗೆ 0.765 ಘನ ಮೀಟರ್, ನಮ್ಮ ಕಡೆಯ ರೈತರ ಭಾಷೆಯಲ್ಲಿ 27 ಕ್ಯೂಸೆಕ್ಸ್. ಇದನ್ನು ಸಣ್ಣ ವಿತರಣಾ ಕಾಲುವೆಯಲ್ಲಿ, ಅನುಮತಿ ಪಡೆದು, ಅಧ್ಯಾಪಕರು ಜೊತೆಗಿದ್ದೇ ಮಾಡಿಸಬೇಕು. ಮುಖ್ಯ ನಾಲೆಯ ನೀರಿಗೆ ಮಕ್ಕಳನ್ನು ಇಳಿಸಕೂಡದು.

ಹೆಜ್ಜೆ 4: ಪುರಾವೆಯನ್ನು ತೂಗುವುದನ್ನು ಕಲಿಸಿ

ಎಂಜಿನಿಯರಿಂಗ್ ಪಠ್ಯದಲ್ಲಿ ಅತ್ಯಂತ ಕಡಿಮೆ ಜಾಗ ಸಿಗುವುದು ಇದಕ್ಕೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಚಿತ್ರದುರ್ಗ ಜಿಲ್ಲೆಯ ಗಟ್ಟಿ ಶಿಲೆಯ ನೆಲದಲ್ಲಿ ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಕೊಳವೆಬಾವಿಯಲ್ಲಿ ಎರಡು ಇಂಚು ನೀರು ಬಿದ್ದರೆ ಪಕ್ಕದ ಹೊಲದಲ್ಲಿ ಬರೀ ಧೂಳು ಬರಬಹುದು. ಲಕ್ಷಗಟ್ಟಲೆ ಸಾಲ ಮಾಡಿ ಬೋರು ಕೊರೆಸುವ ಕುಟುಂಬ, ತೆಂಗಿನಕಾಯಿಯನ್ನೋ ಕವಲು ಕಡ್ಡಿಯನ್ನೋ ಹಿಡಿದು ಪಾಯಿಂಟ್ ಮಾಡಿಕೊಡುವವರನ್ನು, ಅಂದರೆ ಕೊರೆಯುವ ಜಾಗ ತೋರಿಸುವವರನ್ನು, ಕರೆಸುವುದು ಸಾಮಾನ್ಯ. ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆಯ ವಿದ್ಯಾರ್ಥಿಗಳ ಮನೆಗಳಲ್ಲೇ ಇದು ನಡೆದಿರುತ್ತದೆ. ಇದನ್ನು ತರಗತಿಯಲ್ಲಿ ಮೂಢನಂಬಿಕೆಯೆಂದು ಜರೆದರೆ ವಿದ್ಯಾರ್ಥಿ ತನ್ನ ಅಪ್ಪನ ಪರವಾಗಿ ಬಾಯಿ ಮುಚ್ಚಿಕೊಳ್ಳುತ್ತಾನೆ, ಏನನ್ನೂ ಕಲಿಯುವುದಿಲ್ಲ. ಜರೆಯಬೇಡಿ, ಎಣಿಸಲು ಹೇಳಿ.

"ಅವರು ತೋರಿಸಿದ ಹತ್ತರಲ್ಲಿ ಏಳು ಕಡೆ ನೀರು ಬಿದ್ದಿದೆ" ಎಂಬ ಮಾತಿನಿಂದ ಆರಂಭಿಸಿ. ನಾಲ್ಕು ಖಾನೆಗಳ ಒಂದು ಕೋಷ್ಟಕ ಬರೆಸಿ: ಪಾಯಿಂಟ್ ಮಾಡಿಸಿ ನೀರು ಬಿದ್ದದ್ದು, ಪಾಯಿಂಟ್ ಮಾಡಿಸಿಯೂ ಬೀಳದ್ದು, ಮಾಡಿಸದೆ ಬಿದ್ದದ್ದು, ಮಾಡಿಸದೆ ಬೀಳದ್ದು. ಊರಿನಲ್ಲಿ ಎಲ್ಲರ ಬಾಯಲ್ಲಿರುವುದು ಮೊದಲ ಖಾನೆ ಮಾತ್ರ. ವಿಫಲವಾದ ಬೋರಿನ ಕಥೆಯನ್ನು ಯಾರೂ ಸಂತೆಯಲ್ಲಿ ಹೇಳಿಕೊಳ್ಳುವುದಿಲ್ಲ. ಪಾಯಿಂಟ್ ಮಾಡಿಸದೆ ಕೊರೆದ ಹತ್ತರಲ್ಲೂ ಏಳು ಕಡೆ ನೀರು ಬಿದ್ದಿದ್ದರೆ, ಮೊದಲ ಏಳರಿಂದ ನಮಗೆ ತಿಳಿದದ್ದೇನು? ಇನ್ನೂ ಮುಂದಕ್ಕೆ ಹೋಗಿ: "ನೀರು ಬಿತ್ತು" ಎಂದರೆ ಎಷ್ಟು ಇಂಚು, ಎಷ್ಟು ತಿಂಗಳವರೆಗೆ? ಈ ಅಳತೆಯನ್ನು ಕೊರೆಯುವ ಮೊದಲೇ ಗೊತ್ತುಮಾಡದಿದ್ದರೆ ಅರ್ಧ ಇಂಚು ಬಿದ್ದದ್ದನ್ನೂ ಗೆಲುವಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಇದೇ ಕೋಷ್ಟಕವನ್ನು ಭೂಭೌತ ಸಮೀಕ್ಷೆಯ ಉಪಕರಣ ತರುವವರಿಗೂ ಅನ್ವಯಿಸಲು ಹೇಳಬೇಕು. ಉಪಕರಣಕ್ಕೆ ಪರದೆಯಿದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ವಿನಾಯಿತಿ ಸಿಗಬಾರದು.

ಎರಡನೆಯ ಉದಾಹರಣೆ ವಾಣಿವಿಲಾಸ ಸಾಗರ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. "ಇದರಿಂದ ಜಿಲ್ಲೆಯಲ್ಲಿ ಮಳೆ ಹೆಚ್ಚಾಗಿದೆಯೆಂದು ತೀರ್ಮಾನಿಸಬಹುದೇ?" ಎಂದು ಕೇಳಿ. ಹೆಚ್ಚಿನವರು ಹೌದೆನ್ನುತ್ತಾರೆ. ಆ ವರ್ಷ ಮಳೆ ಜೋರಾಗಿದ್ದದ್ದೂ ನಿಜ. ಆದರೆ ಅಷ್ಟರಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ದಾರಿಯಲ್ಲಿ ಭದ್ರಾ ನೀರೂ ಈ ಜಲಾಶಯಕ್ಕೆ ಬರತೊಡಗಿತ್ತು. ಎರಡು ಕಾರಣಗಳು ಕೂಡಿರುವಾಗ ಫಲಿತಾಂಶವನ್ನು ಒಂದರ ಹೆಸರಿಗೆ ಬರೆಯುವಂತಿಲ್ಲ. ಹಾಗಿದ್ದರೆ ಬೇರ್ಪಡಿಸುವುದು ಹೇಗೆ? ಮಳೆಮಾಪನ ಕೇಂದ್ರಗಳ ಹಳೆಯ ದಾಖಲೆ ಬೇಕು, ಭದ್ರಾದಿಂದ ಬಂದ ನೀರಿನ ಲೆಕ್ಕ ಬೇಕು, ಕೋಡಿ ಬೀಳುವ ಹಿಂದಿನ ವರ್ಷ ಜಲಾಶಯದಲ್ಲಿ ಎಷ್ಟು ನೀರು ಉಳಿದಿತ್ತೆಂಬುದು ಬೇಕು. ಯಾವ ದಾಖಲೆ ಸಿಕ್ಕರೆ ತನ್ನ ಅಭಿಪ್ರಾಯ ಬದಲಾಗುತ್ತದೆ ಎಂದು ಪ್ರತಿ ವಿದ್ಯಾರ್ಥಿಯೂ ಮುಂಚಿತವಾಗಿ ಬರೆದಿಡಬೇಕು. ಯಾವ ದಾಖಲೆಯಿಂದಲೂ ಬದಲಾಗದ ಅಭಿಪ್ರಾಯವನ್ನು ಎಂಜಿನಿಯರಿಂಗ್ ವರದಿಯಲ್ಲಿ ಬರೆಯಬಾರದು.

ಹೆಜ್ಜೆ 5: ಮುರಿದು ಬಿದ್ದವುಗಳನ್ನು ಓದಿಸಿ

ತಿಂಗಳಿಗೊಂದು ವೈಫಲ್ಯದ ಅಧ್ಯಯನ ಸಾಕು. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಎರಡನೇ ಮತ್ತು ನಾಲ್ಕನೇ ಮಹಡಿಯ ಹಾದಿಗಳೆರಡೂ ಒಂದೇ ಉದ್ದನೆಯ ಸರಳುಗಳಿಂದ ತೂಗಬೇಕಿತ್ತು. ಕಟ್ಟುವಾಗ ಅನುಕೂಲಕ್ಕೆಂದು ಸರಳನ್ನು ಎರಡು ತುಂಡು ಮಾಡಿ, ಕೆಳಗಿನ ಹಾದಿಯನ್ನು ಮೇಲಿನ ಹಾದಿಯ ತೊಲೆಗೇ ನೇತುಹಾಕಿದರು.

ಇದನ್ನು ಹೇಳುವ ಬದಲು ತೋರಿಸಿ. ತರಗತಿಗೆ ಒಂದು ಹಗ್ಗ ಮತ್ತು ಐದು ಲೀಟರ್ ನೀರು ತುಂಬಿದ ಎರಡು ಕ್ಯಾನ್ ತನ್ನಿ. ಮೊದಲು ಎರಡನ್ನೂ ಒಂದೇ ಹಗ್ಗಕ್ಕೆ ಮೇಲೆ ಕೆಳಗೆ ಬೇರೆ ಬೇರೆ ಗಂಟು ಹಾಕಿ ತೂಗಿಸಿ. ಮೇಲಿನ ಕ್ಯಾನಿನ ಗಂಟು ಹೊರುವುದು ಐದು ಕೆಜಿ. ಬಳಿಕ ಕೆಳಗಿನದ್ದನ್ನು ಬಿಚ್ಚಿ ಮೇಲಿನ ಕ್ಯಾನಿನ ಹಿಡಿಕೆಗೆ ಕಟ್ಟಿ. ಮೇಲೆ ಹಗ್ಗ ಹಿಡಿದವನ ಕೈಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಅವನಿಗೆ ಆಗಲೂ ಹತ್ತು ಕೆಜಿ, ಈಗಲೂ ಹತ್ತು ಕೆಜಿ. ಆದರೆ ಮೇಲಿನ ಕ್ಯಾನಿನ ಗಂಟಿನ ಮೇಲೆ ಭಾರ ಎರಡರಷ್ಟಾಗಿದೆ. ಒಟ್ಟು ಭಾರ ಬದಲಾಗದಿದ್ದರೂ ಒಂದು ಸಂಧಿಯ ಭಾರ ಇಮ್ಮಡಿಯಾಗಬಹುದೆಂಬುದನ್ನು ಮಕ್ಕಳು ಕಣ್ಣಾರೆ ಕಂಡ ಮೇಲೆ ಒಂದೊಂದು ಭಾಗದ ಮೇಲಿನ ಬಲಗಳನ್ನು ತೋರಿಸುವ ಫ್ರೀ ಬಾಡಿ ಡಯಾಗ್ರಮ್ ಬರೆಯದೆ ಬಿಡುವುದಿಲ್ಲ. ಎಲ್ಲರೂ ತುಂಡು ಮಾಡಿದವರ ಮೇಲೆ ತಪ್ಪು ಹೊರಿಸಿ ಮುಗಿಸುವಾಗ ಇನ್ನೊಂದು ಸಂಗತಿ ಹೇಳಿ: ತನಿಖೆಯ ಪ್ರಕಾರ ಮೂಲ ವಿನ್ಯಾಸವೂ ಅಲ್ಲಿನ ನಿಯಮ ಕೇಳಿದ ಭಾರದ ಸುಮಾರು 60% ಮಾತ್ರ ಹೊರಬಲ್ಲದ್ದಾಗಿತ್ತು. ಮೊದಲು ಸಿಕ್ಕ ಕಾರಣದಲ್ಲೇ ನಿಲ್ಲಬಾರದೆಂಬುದು ಆಗ ಮನಸ್ಸಿಗೆ ಇಳಿಯುತ್ತದೆ.

ಹತ್ತಿರದ್ದು ಬೇಕೆಂದರೆ ತುಂಗಭದ್ರಾ ಅಣೆಕಟ್ಟೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ ಮೇಲ್ಭಾಗದಿಂದ ನೀರು ಬಿಡುವ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದೇ ವಯಸ್ಸಿನ, ಅದೇ ನೀರಿನಲ್ಲಿ ನಿಂತಿದ್ದ ಉಳಿದ 32 ಗೇಟುಗಳ ಬಗ್ಗೆ ನೀವೇನು ಹೇಳುತ್ತೀರಿ, ಅದನ್ನು ಪರೀಕ್ಷಿಸಲು ಮೊದಲು ಏನನ್ನು ಅಳೆಯುತ್ತೀರಿ ಎಂಬ ಪ್ರಶ್ನೆಗೆ ನಮ್ಮ ವಿದ್ಯಾರ್ಥಿಗಳು ಎರಡು ತಾಸು ವಾದಿಸಿದ್ದಾರೆ.

ಹೆಜ್ಜೆ 6: ಕನ್ನಡದಲ್ಲಿ ಯೋಚಿಸಲು ಬಿಡಿ, ಪ್ರಶ್ನೆಗೆ ಹೆದರದಂತೆ ನೋಡಿಕೊಳ್ಳಿ

ನಮ್ಮ ತರಗತಿಗಳಲ್ಲಿ ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು ಬಹಳ ಮಂದಿ. ಇವರಿಗೆ ಕೈಕೆಲಸದ ತಿಳಿವಳಿಕೆ ಅನೇಕ ಸಲ ಉಳಿದವರಿಗಿಂತ ಹೆಚ್ಚಿರುತ್ತದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇಂಗ್ಲಿಷ್ ವಾಕ್ಯ ಕಟ್ಟುವುದರಲ್ಲೇ ಅವರ ಗಮನವೆಲ್ಲ ಹೋಗುವುದರಿಂದ ಕಂಠಪಾಠದ ವ್ಯಾಖ್ಯೆಯನ್ನು ಒಪ್ಪಿಸಿ ಪಾರಾಗುತ್ತಾರೆ. "ಏಕೆ" ಎಂಬ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸಲು ಹೇಳಿ. ತರ್ಕ ಗಟ್ಟಿಯಾದ ಮೇಲೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಸಿ, ಏಕೆಂದರೆ ಪರೀಕ್ಷೆ ಮತ್ತು ಉದ್ಯೋಗಕ್ಕೆ ಅದು ಬೇಕು. ಈ ಅನುಕ್ರಮವನ್ನು ತಿರುಗಾ ಮುರುಗಾ ಮಾಡಿದರೆ ಎರಡೂ ಕೆಡುತ್ತವೆ.

ಅಧ್ಯಾಪಕರೂ ಒಂದು ವಾಕ್ಯವನ್ನು ಕಲಿಯಬೇಕು: "ನನಗೆ ಗೊತ್ತಿಲ್ಲ, ಹುಡುಕೋಣ." ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಬಾಯಿ ತೆರೆಯಬೇಡಿ. ಆ ಮೌನವನ್ನು ಸಹಿಸುವುದು ನಮಗೇ ಕಷ್ಟ.

ಹೆಜ್ಜೆ 7: ಎಐ ಸಾಧನಗಳನ್ನು ಎದುರು ಕೂರಿಸಿಕೊಂಡು ಪರೀಕ್ಷಿಸಿ

ಚಾಟ್‌ಜಿಪಿಟಿಯಂಥವನ್ನು ನಿಷೇಧಿಸಿ ಫಲವಿಲ್ಲ. ಅದು ಕೊಟ್ಟ ಉತ್ತರವನ್ನೇ ಪ್ರಶ್ನೆಪತ್ರಿಕೆಯಾಗಿ ಮಾಡಿ. 100 ಮೀಟರ್ ಆಳದಿಂದ ಸೆಕೆಂಡಿಗೆ ಐದು ಲೀಟರ್ ನೀರೆತ್ತಲು ಎಷ್ಟು ಎಚ್‌ಪಿ ಮೋಟಾರ್ ಬೇಕೆಂಬ ಲೆಕ್ಕ ತೆಗೆದುಕೊಳ್ಳಿ. ಸೂತ್ರಕ್ಕೆ ಹಾಕಿದರೆ 4,905 ವ್ಯಾಟ್, ಅಂದರೆ ಸುಮಾರು 6.6 ಎಚ್‌ಪಿ. ಸೂತ್ರ ಸರಿ, ಗುಣಾಕಾರ ಸರಿ, ಏಕಮಾನವೂ ಸರಿ. ಆದರೂ ಚನ್ನಗಿರಿಯ ಅಡಿಕೆ ತೋಟದ ಮನೆಯಿಂದ ಬಂದ ವಿದ್ಯಾರ್ಥಿಗೆ ಇದು ಕಡಿಮೆಯೆಂದು ತಟ್ಟನೆ ಅನ್ನಿಸುತ್ತದೆ. ಪಂಪಿನ ದಕ್ಷತೆಯನ್ನು 50% ಎಂದು ಹಿಡಿದರೆ ಅದು 13 ಎಚ್‌ಪಿ ದಾಟುತ್ತದೆ. ಪೈಪಿನ ಘರ್ಷಣೆ ಇನ್ನೂ ಬಾಕಿ. ಯಾವುದೇ ಸಾಧನದ ಉತ್ತರಕ್ಕೆ, ಅದು ಸೀನಿಯರ್ ನೋಟ್ಸೇ ಆಗಿರಲಿ, ನಾಲ್ಕು ತಪಾಸಣೆ ಮಾಡಿಸಿ: ಏಕಮಾನ ಹೊಂದುತ್ತದೆಯೇ, ಆಳ ಸೊನ್ನೆಯಾದರೆ ಉತ್ತರ ಏನಾಗುತ್ತದೆ, ಯಾವ ಊಹೆಯನ್ನು ಹೇಳದೆ ಬಿಟ್ಟಿದೆ, ಪಕ್ಕದ ತೋಟದವರು ಇಷ್ಟೇ ಆಳಕ್ಕೆ ನಿಜವಾಗಿ ಏನು ಇಟ್ಟಿದ್ದಾರೆ.

ಹೆಜ್ಜೆ 8: ಅಂಕ ಕೊಡುವ ಕ್ರಮವನ್ನು ಬದಲಿಸಿ

ಈ ಹೆಜ್ಜೆ ಇಡದಿದ್ದರೆ ಮೇಲಿನ ಏಳೂ ಒಂದು ತಿಂಗಳಲ್ಲಿ ಕರಗಿ ಹೋಗುತ್ತವೆ. ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ, ಆದರೆ ಕಾಲೇಜೇ ನಡೆಸುವ ಇಂಟರ್ನಲ್ಸ್ ನಮ್ಮ ಕೈಯಲ್ಲಿದೆ. ಪ್ರತಿ ಇಂಟರ್ನಲ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಮೂರು ಬಗೆಗಳಲ್ಲಿ ಒಂದರಂತೆ ರೂಪಿಸಿ. ಒಂದು, ಎಲ್ಲೋ ಒಂದು ಕಡೆ ತಪ್ಪಿರುವ ಪೂರ್ಣ ಪರಿಹಾರ ಕೊಟ್ಟು ತಪ್ಪನ್ನು ಹುಡುಕಿ ಕಾರಣ ಬರೆಯಲು ಹೇಳುವುದು. ಎರಡು, ಬೇಕಾದುದಕ್ಕಿಂತ ಹೆಚ್ಚು ಅಥವಾ ಕಡಿಮೆ ದತ್ತಾಂಶ ಕೊಡುವುದು; ಕಡಿಮೆಯಿದ್ದರೆ ಏನು ಬೇಕೆಂದು ಬರೆದವರಿಗೂ ಪೂರ್ಣ ಅಂಕ. ಮೂರು, ಇಬ್ಬರು ವಿದ್ಯಾರ್ಥಿಗಳ ಬೇರೆ ಬೇರೆ ಉತ್ತರ ಕೊಟ್ಟು ಇಬ್ಬರೂ ಸರಿಯಾಗಿರಲು ಸಾಧ್ಯವೇ ಎಂದು ಕೇಳುವುದು. ಮೊದಲ ಸಲ ಸರಾಸರಿ ಅಂಕ ಖಂಡಿತ ಇಳಿಯುತ್ತದೆ. ವಿಭಾಗದ ಮುಖ್ಯಸ್ಥರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಿ. ಇಲ್ಲವಾದರೆ ಮಧ್ಯದಲ್ಲಿ ಕೈಬಿಡಬೇಕಾಗುತ್ತದೆ.

ಪ್ರಾಜೆಕ್ಟ್ ವೈವಾದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಫಲಿತಾಂಶವನ್ನು ನೀವೇ ನಂಬದಿರಲು ಅತ್ಯಂತ ಬಲವಾದ ಕಾರಣ ಯಾವುದು?" ಎಂಬುದು. ಇದನ್ನು ಸೆಮಿಸ್ಟರಿನ ಆರಂಭದಲ್ಲೇ ತಿಳಿಸಿರುತ್ತೇನೆ, ಏಕೆಂದರೆ ಅನಿರೀಕ್ಷಿತವಾಗಿ ಕೇಳಿ ತಬ್ಬಿಬ್ಬುಗೊಳಿಸುವುದರಿಂದ ಪ್ರಯೋಜನವಿಲ್ಲ. ಈ ಒಂದು ಪ್ರಶ್ನೆಗಾಗಿ ತಯಾರಾಗುವ ಗುಂಪುಗಳು ತಾವಾಗಿಯೇ ಪ್ರಯೋಗವನ್ನು ಎರಡನೇ ಸಲ ಮಾಡಿ ಬರುತ್ತವೆ.

ಇನ್ನು ಉಳಿದದ್ದು ಒಂದು ನೋಟ್‌ಬುಕ್. ಪ್ರಯೋಗಾಲಯದ ಬಾಗಿಲ ಪಕ್ಕ ಅದನ್ನು ದಾರ ಕಟ್ಟಿ ತೂಗುಹಾಕಿ. ಯಾವ ಉಪಕರಣದ ಮೇಲೆ ಯಾವ ಬ್ಯಾಚಿಗೆ ಯಾವ ಅನುಮಾನ ಬಂತು, ಏನು ಅಳೆದು ನೋಡಿದರು, ಕೊನೆಗೆ ಏನಾಯಿತು ಎಂಬುದನ್ನು ವಿದ್ಯಾರ್ಥಿಗಳೇ ತಾರೀಖು ಹಾಕಿ ಬರೆಯಲಿ. ಹೊಸ ಬ್ಯಾಚ್ ಕೈಪಿಡಿ ತೆರೆಯುವ ಮೊದಲು ಅದನ್ನು ಓದಲಿ. ನಮ್ಮಲ್ಲಿರುವ ಪುಸ್ತಕದ ಮೊದಲ ಪುಟದಲ್ಲಿ, ಆ ಜಗಳೂರು ಕಡೆಯ ಹುಡುಗಿಯ ಕೈಬರಹದಲ್ಲಿ, ತೊಟ್ಟಿಯ ಒಳ ಅಳತೆ ಇದೆ: 47 × 47.